ನಾಯಿಗೆ ಪಾಠ ಯಾರು ಹೇಳಬೇಕು: ಬೋರ್ಡಿಂಗೋ, ಟ್ರೈನರೋ, ಮನೆಯವರೋ?

ಮರಿ ಮನೆಗೆ ಬಂದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಮುದ್ದು ಮಾಡುವ ಸಂಭ್ರಮ ಸ್ವಲ್ಪ ಇಳಿದು ಬೇರೆ ಮಾತು ಶುರುವಾಗುತ್ತದೆ. ದೇವರ ಕೋಣೆಯ ಮುಂದೆ ಉಚ್ಚೆ. ಚಪ್ಪಲಿ ಸ್ಟ್ಯಾಂಡಿನಲ್ಲಿ ಒಂದು ಜೋಡಿಯೂ ನೆಟ್ಟಗಿಲ್ಲ. ಮನೆಕೆಲಸದವರು ಬಂದರೆ ಸೆರಗು ಹಿಡಿದು ಎಳೆಯುತ್ತದೆ. ಆಗ ಪಕ್ಕದ ಮನೆಯವರು, ಪೆಟ್ ಶಾಪಿನವರು, ಬೆಳಗಿನ ವಾಕಿಂಗ್‌ನಲ್ಲಿ ಸಿಗುವವರು ಒಬ್ಬೊಬ್ಬರೂ ಒಂದೊಂದು ದಾರಿ ತೋರಿಸುತ್ತಾರೆ. ಬೋರ್ಡಿಂಗ್‌ಗೆ ಬಿಡಿ, ತಿಂಗಳಲ್ಲಿ ತಯಾರು ಮಾಡಿ ಕೊಡ್ತಾರೆ ಅಂತ ಒಬ್ಬರು. ಮನೆಗೇ ಬರೋ ಟ್ರೈನರ್ ಇದಾರೆ, ನಂಬರ್ ಕೊಡ್ತೀನಿ ಅಂತ ಇನ್ನೊಬ್ಬರು. ಇಷ್ಟಕ್ಕೆಲ್ಲ ದುಡ್ಡು ಯಾಕೆ, ಮೊಬೈಲಲ್ಲಿ ವಿಡಿಯೋ ನೋಡಿ ನೀವೇ ಕಲಿಸಿ ಅಂತ ಮತ್ತೊಬ್ಬರು.

ಮೂರು ದಾರಿಯಲ್ಲೂ ನಾಯಿ ಕಲಿಯುತ್ತದೆ. ಏನು ಕಲಿಯುತ್ತದೆ, ಯಾರ ಮಾತು ಕೇಳಲು ಕಲಿಯುತ್ತದೆ ಎನ್ನುವುದರಲ್ಲಿ ಮಾತ್ರ ಅಜಗಜಾಂತರ ವ್ಯತ್ಯಾಸ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ, ಯಾರನ್ನೂ ಕಚ್ಚದ ಮನೆನಾಯಿಗೆ ಮನೆಯವರೇ ಕಲಿಸುವುದು ಮೊದಲ ಆಯ್ಕೆ. ಅದು ಕೈಹತ್ತದಿದ್ದರೆ, ಮನೆಯವರನ್ನೂ ಕೂರಿಸಿಕೊಂಡು ಕಲಿಸುವ ಟ್ರೈನರ್ ಎರಡನೆಯದು. ನಾಯಿಯನ್ನು ಒಪ್ಪಿಸಿ ಬರುವ ಬೋರ್ಡಿಂಗ್ ತರಬೇತಿ ಕಟ್ಟಕಡೆಗೆ. ಯಾಕೆಂದು ಕಡೆಯದರಿಂದಲೇ ನೋಡೋಣ.

ಬೋರ್ಡಿಂಗ್‌ಗೆ ಬಿಟ್ಟು ಬರುವುದು

ಇದರ ಆಕರ್ಷಣೆ ಅರ್ಥವಾಗುವಂಥದ್ದೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಪುರುಸೊತ್ತಿಲ್ಲ. ದುಡ್ಡು ಕಟ್ಟಿದರೆ ಊರಾಚೆಯ ಫಾರ್ಮ್‌ನಲ್ಲಿ ಇಟ್ಟುಕೊಂಡು ಕಲಿಸಿ, ಕರೆದುಕೊಂಡು ಹೋಗುವ ದಿನ ಪ್ರದರ್ಶನ ಮಾಡಿ ತೋರಿಸುತ್ತಾರೆ. ಟ್ರೈನರ್ ಕೈ ಎತ್ತಿದರೆ ಕೂರುತ್ತದೆ, ಕೈ ಇಳಿಸಿದರೆ ಮಲಗುತ್ತದೆ. ಮನೆಯವರಿಗೆ ಕಣ್ತುಂಬ ಸಂತೋಷ. ಮನೆಗೆ ಬಂದ ವಾರಕ್ಕೆ ಅದೇ ನಾಯಿ ಕಾಲಿಂಗ್ ಬೆಲ್ ಕೇಳಿದ್ದೇ ಸೋಫಾದ ಮೇಲಿಂದ ಹಾರಿ ಬಾಗಿಲಿಗೆ ಓಡುತ್ತದೆ.

ನಾಯಿ ಮರೆತದ್ದಲ್ಲ. ಅದು ಕಲಿಯುವ ರೀತಿಯೇ ಹಾಗೆ. ಹೇಳಿದವರು ಯಾರು, ಎಲ್ಲಿ ನಿಂತಿದ್ದರು, ಕೈ ಹೇಗಿತ್ತು, ನೆಲ ಎಂಥದ್ದು, ಸುತ್ತ ಯಾರಿದ್ದರು ಎಂಬುದೆಲ್ಲವನ್ನೂ ಸೇರಿಸಿಯೇ ಅದು ಪಾಠ ನೆನಪಿಟ್ಟುಕೊಳ್ಳುತ್ತದೆ. ಫಾರ್ಮಿನ ಹುಲ್ಲಿನ ಮೇಲೆ, ಒಬ್ಬ ಟ್ರೈನರ್ ಎದುರು ಕಲಿತದ್ದು ನಿಮ್ಮ ಗ್ರಾನೈಟ್ ನೆಲದ ಹಾಲ್‌ನಲ್ಲಿ, ನೆಂಟರು ತುಂಬಿರುವಾಗ ತಾನಾಗಿ ಬರುವುದಿಲ್ಲ. ಅಲ್ಲಿ ಮತ್ತೆ ಮೊದಲಿನಿಂದ ಹೇಳಿಕೊಡಬೇಕು. ಹೇಳಿಕೊಡಬೇಕಾದವರು ನೀವೇ, ಮತ್ತು ನಿಮಗೆ ಅದನ್ನು ಯಾರೂ ಕಲಿಸಿರುವುದಿಲ್ಲ. ಪೊಲೀಸ್ ಶ್ವಾನದಳದ ಕ್ರಮ ನೋಡಿ. ಅಲ್ಲಿ ನಾಯಿಯನ್ನಷ್ಟೇ ತರಬೇತಿ ಮಾಡಿ ಯಾರದೋ ಕೈಗೆ ಕೊಡುವುದಿಲ್ಲ. ಅದನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ಕೂಡ ತಿಂಗಳುಗಟ್ಟಲೆ ಜೊತೆಗಿದ್ದು ಕಲಿಯುತ್ತಾರೆ. ಅಷ್ಟು ಪಳಗಿದ ನಾಯಿಗೇ ತನ್ನ ಮನುಷ್ಯ ಬೇಕಾದರೆ, ಮನೆನಾಯಿಗೆ ಬೇಡವೇ?

ಇನ್ನೆರಡು ತೊಂದರೆಗಳಿವೆ. ಒಂದು, ಗೇಟಿನ ಒಳಗೆ ಏನು ನಡೆಯುತ್ತದೆ ಎಂದು ನಿಮಗೆ ಕಾಣುವುದಿಲ್ಲ. ಚೈನ್ ಜಗ್ಗಿ, ಬೆತ್ತ ತೋರಿಸಿ ತಿಂಗಳೊಳಗೆ ಕೂರಿಸುವುದು ಸುಲಭ, ಮತ್ತು ಆ ಭಯ ನಿಮ್ಮ ಮನೆಗೇ ವಾಪಸ್ ಬರುತ್ತದೆ. ಇನ್ನೊಂದು ವಯಸ್ಸು. ಮರಿ ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಲೋಕವನ್ನು ಧೈರ್ಯವಾಗಿ ಒಪ್ಪಿಕೊಳ್ಳುವ ಕಾಲ. ಆಗ ನೋಡಿದ, ಕೇಳಿದ ಸಂಗತಿಗಳು ಅದಕ್ಕೆ ಜೀವನಪೂರ್ತಿ ಮಾಮೂಲಿ ಅನ್ನಿಸುತ್ತವೆ. ಕುಕ್ಕರ್ ವಿಷಲ್, ಮಿಕ್ಸಿ, ಆಟೋ ಹಾರ್ನ್, ಪಕ್ಕದ ಮನೆಯ ಮಗು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಊರುಗೋಲು ಹಿಡಿದ ತಾತ ಎಲ್ಲರ ಪರಿಚಯ ಆಗಬೇಕಾದದ್ದು ಆಗ. ಆ ದಿನಗಳನ್ನು ಕೆನಲ್ ಒಳಗೆ ಕಳೆದ ಮರಿಗೆ ಅಷ್ಟು ಪರಿಚಯ ತಪ್ಪಿಹೋಗುತ್ತದೆ. ಆಮೇಲೆ ತುಂಬಿಕೊಡುವುದು ಕಷ್ಟ.

ಅನಿವಾರ್ಯವಾಗಿ ಬಿಡಲೇಬೇಕಾದರೆ ಯಾವ ದಿನ ಬೇಕಾದರೂ ಬಂದು ನೋಡಬಹುದೇ ಎಂದು ಕೇಳಿ. ಬೇಡ, ನಿಮ್ಮನ್ನು ನೋಡಿದರೆ ನಾಯಿ ಡಿಸ್ಟರ್ಬ್ ಆಗುತ್ತೆ ಎಂದರೆ ಅಲ್ಲಿಂದ ಹೊರಡಿ. ಕೊನೆಯ ವಾರ ಮನೆಯವರೂ ಬಂದು ಜೊತೆಯಲ್ಲೇ ಅಭ್ಯಾಸ ಮಾಡುವ ವ್ಯವಸ್ಥೆ ಇರುವ ಕಡೆಗಷ್ಟೇ ಬಿಡಿ.

ಮನೆಗೆ ಬರುವ ಟ್ರೈನರ್

ಇದರಲ್ಲಿ ಎರಡು ಬಗೆ. ಒಬ್ಬರು ಬಂದು ಬೆಲ್ ಮಾಡಿ, ನಾಯಿಯನ್ನು ಟೆರೇಸಿಗೋ ರಸ್ತೆಗೋ ಕರೆದುಕೊಂಡು ಹೋಗಿ, ಅರ್ಧ ಗಂಟೆ ಬಿಟ್ಟು ತಂದು ಒಪ್ಪಿಸುತ್ತಾರೆ. ಅಷ್ಟು ಹೊತ್ತು ಮನೆಯವರು ಕಾಫಿ ಕಾಯಿಸುತ್ತಿರುತ್ತಾರೆ. ಇದು ಬೋರ್ಡಿಂಗ್‌ನದೇ ಚಿಕ್ಕ ರೂಪ. ಇನ್ನೊಬ್ಬರು ನಿಮ್ಮ ಕೈಗೇ ಲೀಶ್ (ನಾಯಿ ಹಿಡಿಯುವ ಹಗ್ಗ) ಕೊಟ್ಟು, ನೀವು ತಪ್ಪು ಮಾಡಿದ್ದನ್ನು ಅಲ್ಲೇ ತಿದ್ದುತ್ತಾರೆ. ನಿಮ್ಮ ಮನೆಯ ಬಾಗಿಲು, ನಿಮ್ಮ ಲಿಫ್ಟ್, ನಿಮ್ಮ ಬೀದಿಯ ನಾಯಿಗಳ ನಡುವೆಯೇ ಪಾಠ ನಡೆಯುತ್ತದೆ. ದುಡ್ಡು ಕೊಡುವುದಾದರೆ ಇಂಥವರಿಗೆ ಕೊಡಬೇಕು.

ನಮ್ಮಲ್ಲಿ ಟ್ರೈನರ್ ಎಂದು ಬೋರ್ಡ್ ಹಾಕಲು ಸರ್ಕಾರದ ಯಾವ ಪರೀಕ್ಷೆಯೂ ಪಾಸಾಗಬೇಕಿಲ್ಲ. ಹಾಗಾಗಿ ಆರಿಸುವ ಹೊಣೆ ಪೂರ್ತಿ ನಮ್ಮದೇ. ಸೈನ್ಯದಲ್ಲಿ, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಬಂದವರಿದ್ದಾರೆ. ಅನುಭವ ದೊಡ್ಡದು, ಆದರೆ ಕಾವಲಿಗೆ ತಯಾರು ಮಾಡಿದ ರೀತಿಯನ್ನೇ ನಿಮ್ಮ ಮನೆಯ ಪಮೇರಿಯನ್ ಮೇಲೆ ಪ್ರಯೋಗಿಸುತ್ತಾರೋ ಇಲ್ಲವೋ ನೋಡಿಕೊಳ್ಳಿ. ಮೊದಲ ಭೇಟಿಯಲ್ಲಿ ಒಂದೇ ಪ್ರಶ್ನೆ ಕೇಳಿದರೆ ಸಾಕು: "ನಾಯಿ ತಪ್ಪು ಮಾಡಿದಾಗ ನೀವೇನು ಮಾಡ್ತೀರಿ ಸರ್?" ತಪ್ಪಾಗದ ಹಾಗೆ ಮೊದಲೇ ವ್ಯವಸ್ಥೆ ಮಾಡ್ತೀವಿ, ತಪ್ಪಿದರೆ ಬಹುಮಾನ ಕೊಡದೆ ಇನ್ನೂ ಸುಲಭ ಮಾಡಿ ಮತ್ತೆ ಕೇಳ್ತೀವಿ ಎಂದರೆ ಒಳ್ಳೆಯ ಸೂಚನೆ. ಒಂದು ಕೊಟ್ಟರೆ ಸರಿಹೋಗುತ್ತೆ, ಮೊದಲು ನೀವು ಲೀಡರ್ ಅಂತ ತೋರಿಸಬೇಕು ಎಂದರೆ ಬೇರೆಯವರನ್ನು ಹುಡುಕಿ.

ಈ ಲೀಡರ್ ಮಾತಿನ ಹಿಂದೆ ಒಂದು ಕಥೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದರು. ಬೋನಿನಲ್ಲಿ ಕೂಡಿಹಾಕಿದ್ದ ಆ ತೋಳಗಳು ಯಜಮಾನಿಕೆಗಾಗಿ ಕಾದಾಡುತ್ತಿದ್ದವು. ನಾಯಿಯೂ ಹಾಗೇ, ನೀವೇ ಯಜಮಾನ ಎಂದು ಬಲ ತೋರಿಸದಿದ್ದರೆ ತಲೆಮೇಲೆ ಕೂರುತ್ತದೆ ಎಂಬ ನಂಬಿಕೆ ಅಲ್ಲಿಂದ ಬೆಳೆಯಿತು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಮೆರಿಕದ ಡೇವಿಡ್ ಮೆಕ್ 1999ರಲ್ಲಿ ಇದನ್ನು ತಿದ್ದಿದರು. ಕಾಡಿನ ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಕುಟುಂಬ. ಅಲ್ಲಿ ಗದ್ದುಗೆಯ ಜಗಳ ಇಲ್ಲ. ವಿಜ್ಞಾನ ತಿದ್ದಿಕೊಂಡರೂ ಮರಿಯನ್ನು ಅಂಗಾತ ಒತ್ತಿಹಿಡಿಯುವ ಅಭ್ಯಾಸ ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿದೆ.

ಆರು ತಿಂಗಳಾಗಲಿ, ಆಮೇಲೆ ಶುರು ಮಾಡೋಣ ಎಂಬ ಮಾತೂ ಹಳೆಯದೇ. ಎಳೆದಷ್ಟೂ ಕುತ್ತಿಗೆಗೆ ಬಿಗಿಯುವ ಚೋಕ್ ಚೈನ್ ಜಗ್ಗಿ ಕಲಿಸುವ ಪದ್ಧತಿಗೆ ಎಳೆಯ ಕುತ್ತಿಗೆ ತಡೆಯುವುದಿಲ್ಲ, ಅದಕ್ಕೆ ಕಾಯುತ್ತಿದ್ದರು. ತಿನಿಸು ಕೊಟ್ಟು ಕಲಿಸುವುದಾದರೆ ಮರಿ ಮನೆಗೆ ಬಂದ ದಿನದಿಂದಲೇ ಶುರು ಮಾಡಬಹುದು. ಅಂದಹಾಗೆ, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ಕೇಂದ್ರದ 2017ರ ನಿಯಮ ಹೇಳುತ್ತದೆ. ಅಮ್ಮ, ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಎಷ್ಟು ಜೋರಾಗಿ ಕಚ್ಚಬಹುದು ಎಂಬ ಅಂದಾಜು ಅದಕ್ಕೆ ಸಿಗುವುದು. ಅದಕ್ಕೂ ಮೊದಲೇ ಕೈಗೆ ಕೊಡುವವರಿಂದ ತರಬೇಡಿ.

ದೊಡ್ಡ ಊರುಗಳಲ್ಲಿ ನಾಲ್ಕಾರು ಮರಿಗಳನ್ನು ಒಟ್ಟಿಗೆ ಸೇರಿಸಿ ನಡೆಸುವ ಪಪ್ಪಿ ಕ್ಲಾಸ್‌ಗಳೂ ಇವೆ. ಮನೆಯವರೂ ಬರಬೇಕು, ಬೇರೆ ನಾಯಿಗಳ ಪರಿಚಯವೂ ಆಗುತ್ತದೆ, ತಲಾ ಖರ್ಚೂ ಕಡಿಮೆ. ಹತ್ತಿರದಲ್ಲಿದ್ದರೆ ಖಂಡಿತ ಸೇರಿ. ಮೊದಲ ಲಸಿಕೆ ಆಗಿ ಕನಿಷ್ಠ ಒಂದು ವಾರ ಕಳೆದಿರಲಿ, ಬರುವ ಮರಿಗಳೆಲ್ಲದರ ಲಸಿಕೆ ಕಾರ್ಡನ್ನು ಅವರು ನೋಡುತ್ತಾರೋ ಕೇಳಿಕೊಳ್ಳಿ.

ಗದರಿಕೆಯೋ, ತಿನಿಸೋ

ಯಾರು ಕಲಿಸಿದರೂ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೇ. ಪೆಟ್ಟು ಕೊಟ್ಟರೆ ನಾಯಿ ಕಲಿಯುವುದಿಲ್ಲ ಎಂದು ನಾನು ಹೇಳುವುದಿಲ್ಲ. ಕಲಿಯುತ್ತದೆ. ಆದರೆ ನಾವು ಕಲಿಸಬೇಕೆಂದುಕೊಂಡದ್ದನ್ನೇ ಕಲಿಯುತ್ತದೆ ಎಂಬ ಖಾತ್ರಿ ಇಲ್ಲ. ಹಾಲ್‌ನಲ್ಲಿ ಉಚ್ಚೆ ಮಾಡಿದ್ದಕ್ಕೆ ಪೇಪರ್ ಸುತ್ತಿ ಹೊಡೆದರೆ, ಮೂಗನ್ನು ಅದಕ್ಕೇ ಒತ್ತಿದರೆ, ಮರಿಗೆ ಅರ್ಥವಾಗುವುದು ಇಷ್ಟೇ: ಇವರೆದುರು ಉಚ್ಚೆ ಮಾಡಬಾರದು. ಮಾರನೇ ದಿನದಿಂದ ಸೋಫಾದ ಹಿಂದೆ ಹೋಗಿ ಮಾಡುತ್ತದೆ. ಹೊರಗೆ ಕರೆದುಕೊಂಡು ಹೋದರೂ ನಿಮ್ಮ ಮುಂದೆ ಮಾಡಲು ಹೆದರಿ, ಅರ್ಧ ಗಂಟೆ ತಿರುಗಿಸಿ ವಾಪಸ್ ಬಂದ ಮೇಲೆ ಒಳಗೇ ಮಾಡುತ್ತದೆ.

ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಳತೆ ಮಾಡಿ ತೋರಿಸಿತು. ಶಿಕ್ಷೆಯ ಪದ್ಧತಿಯ ತರಬೇತಿ ಶಾಲೆಗಳ ನಾಯಿಗಳು ಪಾಠದ ವೇಳೆ ಹೆಚ್ಚು ಬಾರಿ ತುಟಿ ನೆಕ್ಕಿಕೊಂಡವು, ಆಕಳಿಸಿದವು, ಮೈ ಕುಗ್ಗಿಸಿದವು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿತ್ತು. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ಪದ್ಧತಿಯನ್ನೇ ಬಳಸಿ, ತುಂಬಾ ಕಚ್ಚುವ ನಾಯಿಗೂ ಅದೇ ಎಂದು ಹೇಳಿತು.

ನಾಯಿ ಆಕಳಿಸುವುದು ನಿದ್ದೆ ಬಂದು ಮಾತ್ರ ಅಲ್ಲ ಎಂಬುದು ನೆನಪಿದ್ದರೆ ಟ್ರೈನರ್‌ಗಳನ್ನು ಅಳೆಯುವುದೂ ಸುಲಭ. ಮೂರನೇ ನಾಲ್ಕನೇ ಸಲ ಅವರು ಗೇಟಿನ ಹತ್ತಿರ ಬಂದಾಗ ನಾಯಿ ಬಾಲ ಕಾಲಸಂದಿಗೆ ಸೇರಿಸಿ ಮಂಚದ ಕೆಳಗೆ ಹೋದರೆ, ಅದು ಎಷ್ಟೇ ಚೆನ್ನಾಗಿ ಕೂರಲು ಕಲಿತಿರಲಿ, ನಮಸ್ಕಾರ ಹೇಳಿ ಕಳಿಸಿಬಿಡಿ.

ಗುರ್ ಎಂದಿದ್ದಕ್ಕೆ ಹೊಡೆಯುವುದಂತೂ ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ನಂಬಿ ಮಗುವನ್ನು ಹತ್ತಿರ ಬಿಡುವವರನ್ನು ಕಂಡರೆ ನನಗೆ ಎದೆ ಝಲ್ ಎನ್ನುತ್ತದೆ. ಬೊಗಳುವ ನಾಯಿಯೂ ಕಚ್ಚುತ್ತದೆ. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಅದಕ್ಕೂ ಪೆಟ್ಟು ಬೀಳುತ್ತದೆ ಎಂದಾದರೆ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಹಲ್ಲು ಹಾಕುವುದನ್ನು ಕಲಿಯುತ್ತದೆ. ಗುರ್ ಎಂದರೆ ಮಗುವನ್ನು ದೂರ ಕರೆದುಕೊಳ್ಳಿ, ಯಾಕೆ ಎಂದು ಆಮೇಲೆ ಯೋಚಿಸಿ.

ತಿನಿಸು ಕೊಟ್ಟು ಅಭ್ಯಾಸ ಮಾಡಿದರೆ ಆಮೇಲೆ ತಿನಿಸಿಲ್ಲದೆ ಮಾತೇ ಕೇಳಲ್ಲ ಎಂಬ ಆಕ್ಷೇಪಣೆಯಲ್ಲಿ ಅರ್ಧ ಸತ್ಯ ಇದೆ. ತಿನಿಸನ್ನು ಮೊದಲೇ ತೋರಿಸಿ ಕರೆದರೆ ಹಾಗಾಗುತ್ತದೆ. ಕೆಲಸ ಮಾಡಿದ ಮೇಲೆ ಜೇಬಿನಿಂದ ತೆಗೆದು ಕೊಟ್ಟರೆ, ಆಮೇಲೆ ಎರಡು ಸಲಕ್ಕೊಮ್ಮೆ, ಐದು ಸಲಕ್ಕೊಮ್ಮೆ, ಯಾವಾಗ ಸಿಗುತ್ತದೆಂದು ಗೊತ್ತಾಗದ ಹಾಗೆ ಕಡಿಮೆ ಮಾಡುತ್ತಾ ಹೋದರೆ, ಹಾಗಾಗುವುದಿಲ್ಲ.

ನಾವೇ ಕಲಿಸುವುದಾದರೆ

ದಿನಕ್ಕೆ ಒಂದು ಗಂಟೆ ಬೇಕು ಎಂದುಕೊಂಡು ಬಹಳ ಜನ ಹಿಂದೆ ಸರಿಯುತ್ತಾರೆ. ಐದೈದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಮರಿಯ ಗಮನ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಊಟಕ್ಕೆ ಮುಂಚೆ ಮಾಡಿ. ನಮ್ಮ ಮನೆಗಳಲ್ಲಿ ತಟ್ಟೆ ತುಂಬ ಮೊಸರನ್ನ ಹಾಕಿ, ಹೊಟ್ಟೆ ಬಿರಿಯುವಷ್ಟು ತಿನ್ನಿಸಿ, ಆಮೇಲೆ ಬಿಸ್ಕೆಟ್ ಹಿಡಿದು ಬಾ ಬಾ ಎಂದು ಕರೆಯುತ್ತಾರೆ. ಬಂದು ಏನಾಗಬೇಕು ಅದಕ್ಕೆ?

'ಕೂತ್ಕೋ' ಕಲಿಸುವುದನ್ನೇ ಹತ್ತಿರದಿಂದ ನೋಡಿ. ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಮೂಗಿನ ಹತ್ತಿರ ತನ್ನಿ. ಮೂಸಲಿ. ಈಗ ಕೈಯನ್ನು ನಿಧಾನವಾಗಿ ಮೂಗಿನಿಂದ ಹಣೆಯ ಮೇಲೆ, ಎರಡು ಕಿವಿಗಳ ನಡುವೆ ಹಿಂದಕ್ಕೆ ಒಯ್ಯಿರಿ. ತಲೆ ಮೇಲಕ್ಕೆ ಏರುತ್ತದೆ, ಕಣ್ಣು ಬೆರಳನ್ನೇ ಹಿಂಬಾಲಿಸುತ್ತದೆ, ಭಾರ ಹಿಂದಕ್ಕೆ ಸರಿದು ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣದಲ್ಲೇ 'ಭೇಷ್' ಎಂದು ಚೂರು ಬಾಯಿಗೆ. ಕೈ ತುಂಬ ಎತ್ತರ ಹಿಡಿದರೆ ಹಾರುತ್ತದೆ, ತುಂಬ ಹಿಂದೆ ಒಯ್ದರೆ ಹಿಂದಕ್ಕೆ ನಡೆಯುತ್ತದೆ. ಹಾಗಾದರೆ ಗೋಡೆಗೆ ಬೆನ್ನಾಗುವ ಹಾಗೆ ನಿಲ್ಲಿಸಿಕೊಳ್ಳಿ. ಸೊಂಟ ಒತ್ತಿ ಕೂರಿಸಬೇಡಿ. ಕೈ ಹೋದ ಹಾಗೆ ಕೂರುವುದು ರೂಢಿಯಾದ ಮೇಲಷ್ಟೇ ಪದ ಸೇರಿಸಿ. ಹಾಲ್‌ನಲ್ಲಿ ಬಂದ ಮೇಲೆ ಬಾಲ್ಕನಿಯಲ್ಲಿ, ಆಮೇಲೆ ಗೇಟಿನ ಹತ್ತಿರ, ಆಮೇಲೆ ರಸ್ತೆಯಲ್ಲಿ. ಒಂದೊಂದು ಜಾಗದಲ್ಲೂ ಹೊಸ ಪಾಠ ಎಂದೇ ತಿಳಿಯಿರಿ.

ಚೂರು ತಲುಪುವುದು ಎರಡು ಕ್ಷಣ ತಡವಾದರೂ ನಾಯಿ ಅಷ್ಟರಲ್ಲಿ ಎದ್ದಿರುತ್ತದೆ, ಬಹುಮಾನ ಸಿಕ್ಕಿದ್ದು ಎದ್ದದ್ದಕ್ಕೆ ಅಂದುಕೊಳ್ಳುತ್ತದೆ. ಕ್ಲಿಕ್ಕರ್ ಎಂಬ ಟಕ್ ಎನ್ನುವ ಪುಟ್ಟ ಡಬ್ಬಿಯ ಉಪಯೋಗ ಇಲ್ಲೇ. ಸರಿಯಾದ ಕ್ಷಣಕ್ಕೆ ಗುರುತು ಹಾಕಲು ಅದು ಚೆನ್ನ, ಆದರೆ ಒಂದು ಕೈಯಲ್ಲಿ ಲೀಶ್, ಒಂದರಲ್ಲಿ ತಿನಿಸು ಹಿಡಿದವರಿಗೆ ಮೂರನೇ ಕೈ ಬೇಕಾಗುತ್ತದೆ. 'ಭೇಷ್' ಎಂಬ ಮಾತು ಯಾವಾಗಲೂ ಬಾಯಲ್ಲೇ ಇರುತ್ತದೆ. ಹೊಸಬರಿಗೆ ನಾನು ಮಾತನ್ನೇ ಸೂಚಿಸುತ್ತೇನೆ.

ಸ್ವಂತ ತರಬೇತಿ ಸೋಲುವುದು ಬಹುತೇಕ ಮನೆಮಂದಿಯ ಒಮ್ಮತ ಇಲ್ಲದ್ದಕ್ಕೆ. ಮಗ 'ಸಿಟ್' ಅಂತಾನೆ, ಅಪ್ಪ 'ಸಿಟ್ ಡೌನ್' ಅಂತಾರೆ, ಅಜ್ಜಿ 'ಕೂತ್ಕೊಳೋ ಮರಿ' ಅಂತಾರೆ. ಊಟದ ಟೇಬಲ್ ಹತ್ತಿರ ಬರಬಾರದು ಎಂದು ಎಲ್ಲರೂ ತೀರ್ಮಾನಿಸಿದ ಮೇಲೂ ಅಜ್ಜಿಯ ಕೈಯಿಂದ ಚಪಾತಿ ಚೂರು ಕೆಳಗೆ ಇಳಿಯುತ್ತದೆ. ಅಜ್ಜಿಯನ್ನು ಬೈಯಬೇಡಿ. ನಾಯಿಗೆ ಏನಾದರೂ ಕೊಡಬೇಕೆಂಬ ಅವರ ಆಸೆಯನ್ನೇ ಬಳಸಿಕೊಳ್ಳಿ. ಅಜ್ಜಿ, ಅದು ಚಾಪೆ ಮೇಲೆ ಮಲಗಿದಾಗ ಮಾತ್ರ ನೀವೇ ಕೊಡಿ ಎಂದು ಚೂರುಗಳ ಡಬ್ಬಿಯನ್ನು ಅವರ ಕೈಗೇ ಕೊಟ್ಟುಬಿಡಿ. ಇಡೀ ದಿನ ಮನೆಯಲ್ಲಿರುವವರು ಅವರೇ, ಅವರಷ್ಟು ತಾಳ್ಮೆಯ ಮೇಷ್ಟ್ರು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಯಾವ ಪದ ಎಂದು ತೀರ್ಮಾನಿಸಿ, ಕನ್ನಡವಾದರೂ ಸರಿ ಇಂಗ್ಲಿಷಾದರೂ ಸರಿ, ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

'ಬಾ' ಎಂದು ಕರೆಯುವ ಪದ ಎಲ್ಲಕ್ಕಿಂತ ಅಮೂಲ್ಯ. ಗೇಟು ತೆರೆದಿದ್ದು ನಾಯಿ ರಸ್ತೆಗೆ ಓಡಿದಾಗ ಜೀವ ಉಳಿಸುವುದು ಅದೊಂದೇ. ಸ್ನಾನಕ್ಕೆ, ಮಾತ್ರೆ ಹಾಕಲು, ಬೈಯಲು ಆ ಪದ ಬಳಸಬೇಡಿ. ಎಷ್ಟು ಸತಾಯಿಸಿ ತಡವಾಗಿ ಬಂದರೂ, ಬಂದಾಗ ಮುದ್ದು ಮಾಡಿ.

ತಿನಿಸಿನ ಆಯ್ಕೆಯ ಬಗ್ಗೆ: ಅಂಗಡಿಯ ಟ್ರೀಟ್‌ಗಿಂತ ಉಪ್ಪು ಹಾಕದೆ ಬೇಯಿಸಿದ ಕೋಳಿ, ಮೊಟ್ಟೆ ಅಗ್ಗ, ನಾಯಿಗೂ ಇಷ್ಟ. ಮಾಂಸ ತರದ ಮನೆಯಲ್ಲಿ ಪನೀರ್ ಚೂರು, ಕ್ಯಾರೆಟ್, ಸೌತೆಕಾಯಿ. ಟೀ ಬಿಸ್ಕೆಟ್ ಬರೀ ಸಕ್ಕರೆ ಮೈದಾ, ಬೇಡ. ಎಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನ ಕ್ಸೈಲಿಟಾಲ್ ನಾಯಿಗೆ ವಿಷ. ಹಬ್ಬದ ದಿನ ಕೇಸರಿಬಾತು, ಪಾಯಸದಲ್ಲಿರುವ ಒಣದ್ರಾಕ್ಷಿಯೂ ಇದರಲ್ಲೇ ಸೇರಿತು.

ಪೇಪರ್ ಮೇಲೋ, ಹೊರಗೋ

ಕಾಂಪೌಂಡ್ ಇರುವ ಸ್ವಂತ ಮನೆಯಾದರೆ ಪೇಪರ್ ಗೋಜಿಗೇ ಹೋಗಬೇಡಿ. ಮೊದಲ ದಿನದಿಂದ ಅಂಗಳದ ಒಂದೇ ಮೂಲೆ. ಪೇಪರ್ ಮೇಲೆ ಕಲಿಸಿ ಆಮೇಲೆ ಹೊರಗೆ ಕಲಿಸುವುದೆಂದರೆ ಎರಡು ಸಲ ಕಲಿಸಿದಂತೆ, ಜೊತೆಗೆ ನೆಲದ ಮೇಲೆ ಬಿದ್ದ ದಿನಪತ್ರಿಕೆಯೂ ಒದ್ದೆ. ನಾಲ್ಕನೇ ಮಹಡಿಯ ಫ್ಲ್ಯಾಟ್‌ನಲ್ಲಿ ಲಸಿಕೆ ಮುಗಿಯದ ಮರಿ ಇದ್ದರೆ ಬೇರೆ ದಾರಿಯಿಲ್ಲ, ಬಾಲ್ಕನಿಯಲ್ಲಿ ಪೇಪರ್ ಬದಲು ಹುಲ್ಲಿನ ಟ್ರೇ ಇಡಿ. ಕಾಲಿಗೆ ಹುಲ್ಲಿನ ಗುರುತು ಹತ್ತಿದರೆ ಮುಂದೆ ಹೊರಗೆ ಹೋಗುವುದು ಸಲೀಸು.

ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ನಿದ್ದೆಯಿಂದ ಎದ್ದ ತಕ್ಷಣ, ಊಟದ ನಂತರ, ಆಟ ಮುಗಿದ ಮೇಲೆ ಎತ್ತಿಕೊಂಡು ಹೋಗಿ, ಮಾಡಿದಲ್ಲೇ ಚೂರು ಕೊಡಿ. ಒಳಗೆ ಮಾಡಿದ ಜಾಗವನ್ನು ಫಿನಾಯಿಲ್‌ನಲ್ಲಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋದಂತಾಗುತ್ತದೆ, ಅದರ ಮೂಗಿಗೆ ಹೋಗುವುದಿಲ್ಲ. ಪೆಟ್ ಶಾಪಿನಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಬಳಸಿ.

ಕಟ್ಟುವುದು, ಕ್ರೇಟ್, ಬೆಲ್ಟ್

ಗೇಟಿನ ಪಕ್ಕ ಗಿಡ್ಡ ಚೈನ್‌ನಲ್ಲಿ ಹಗಲಿಡೀ ಕಟ್ಟಿದ ನಾಯಿ ಕಾವಲು ನಾಯಿಯಾಗುವುದಿಲ್ಲ. ರೊಚ್ಚಿನ ನಾಯಿಯಾಗುತ್ತದೆ. ಅದು ಕಾನೂನಿಗೂ ವಿರುದ್ಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದನ್ನೂ, ಯಾವಾಗಲೂ ಕಟ್ಟಿಟ್ಟ ನಾಯಿಗೆ ವ್ಯಾಯಾಮ ಕೊಡದಿರುವುದನ್ನೂ ಕ್ರೌರ್ಯ ಎಂದೇ ಹೇಳುತ್ತದೆ. ಕ್ರೇಟ್, ಅಂದರೆ ಮರಿ ಮಲಗಲು ಇಡುವ ಬಾಗಿಲಿರುವ ಗೂಡು, ಬೇರೆ. ಒಳಗೆ ಹಾಸಿಗೆ ಹಾಕಿ, ಬಾಗಿಲು ತೆರೆದಿಟ್ಟು, ಊಟವನ್ನು ಅಲ್ಲೇ ಕೊಟ್ಟು ರೂಢಿ ಮಾಡಿದರೆ ಮರಿ ತಾನಾಗಿ ಹೋಗಿ ಮಲಗುತ್ತದೆ. ಆಫೀಸಿಗೆ ಹೋಗುವಾಗ ಎಂಟು ಗಂಟೆ ಬೀಗ ಹಾಕಿದರೆ ಅದೂ ಜೈಲೇ. ಅಂಥ ಮನೆಗೆ ಗೇಟ್ ಅಡ್ಡ ಹಾಕಿದ ಒಂದು ಕೋಣೆ ವಾಸಿ.

ಬೀದಿಯಲ್ಲಿ ಎಳೆಯುವ ನಾಯಿಗೆ ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಎದೆ, ಬೆನ್ನನ್ನು ಸುತ್ತುವ ಪಟ್ಟಿ) ಹಾಕಿ. ಎಳೆದಾಗ ಮೈ ಪಕ್ಕಕ್ಕೆ ತಿರುಗುತ್ತದೆ, ಎಳೆತದ ಬಲ ತಗ್ಗುತ್ತದೆ. ಪಮೇರಿಯನ್, ಪಗ್‌ನಂಥವಕ್ಕೆ ಕುತ್ತಿಗೆಯ ಬೆಲ್ಟ್‌ಗೆ ಲೀಶ್ ಸಿಕ್ಕಿಸಲೇಬೇಡಿ, ಶ್ವಾಸನಾಳಕ್ಕೆ ಪೆಟ್ಟು. ಬೆಲ್ಟ್‌ನಲ್ಲಿ ಫೋನ್ ನಂಬರಿನ ಬಿಲ್ಲೆ ಮಾತ್ರ ಇರಲಿ. ಚೋಕ್ ಚೈನ್, ಮುಳ್ಳಿನ ಬೆಲ್ಟ್, ಶಾಕ್ ಕಾಲರ್ ಮೂರನ್ನೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ವೇಲ್ಸ್ ದೇಶ ಶಾಕ್ ಕಾಲರನ್ನು 2010ರಲ್ಲೇ ನಿಷೇಧಿಸಿತು.

ತಳಿ ನೋಡಿ ನಿರೀಕ್ಷೆ

ಲ್ಯಾಬ್ರಡಾರ್‌ಗೆ ತಿನಿಸೆಂದರೆ ಪ್ರಾಣ, ಮನೆಯಲ್ಲಿ ಕಲಿಸಲು ಅದಕ್ಕಿಂತ ಸುಲಭದ ನಾಯಿ ಇಲ್ಲ. ನಮ್ಮ ಬೀದಿಯ ಮರಿಗಳು ಚುರುಕು, ಆದರೆ ಹೊಸಬರ ಬಗ್ಗೆ ಹುಷಾರು. ಅವಕ್ಕೆ ಪರಿಚಯದ ಪಾಠ ಹೆಚ್ಚು ಬೇಕು. ಮುಧೋಳ ನಾಯಿಯ ಮಾತೇ ಬೇರೆ. ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗಲೆಂದೇ ತಲೆಮಾರುಗಳಿಂದ ಸಾಕಿದ ಬೇಟೆನಾಯಿ ಅದು. ಮೊಲವೋ ಬೆಕ್ಕೋ ಓಡಿದರೆ ನಿಮ್ಮ 'ಬಾ' ಅದರ ಕಿವಿಗೆ ಬೀಳುವುದಿಲ್ಲ. ಬೇಲಿ ಇಲ್ಲದ ಬಯಲಲ್ಲಿ ಲೀಶ್ ಬಿಚ್ಚಬೇಡಿ, ಉದ್ದನೆಯ ಹಗ್ಗದಲ್ಲೇ 'ಬಾ' ಅಭ್ಯಾಸ ಮಾಡಿಸಿ. ಮೃದು ಸ್ವಭಾವ, ಗದರಿದರೆ ಮುದುಡಿಕೊಳ್ಳುತ್ತದೆ, ಹಾಗಾಗಿ ಒರಟು ಟ್ರೈನರ್ ಕೈಗೆ ಕೊಡಲೇಬಾರದ ನಾಯಿ. ತರುವ ಮೊದಲು ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿರುವ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಮನೆಯ ಪಾಠ ಸಾಲದಿದ್ದಾಗ

ಚೆನ್ನಾಗಿದ್ದ ನಾಯಿ ದಿಢೀರನೆ ಒಳಗೆ ಉಚ್ಚೆ ಮಾಡತೊಡಗಿದರೆ, ಮುಟ್ಟಿದರೆ ಗುರ್ ಎಂದರೆ, ಟ್ರೈನರಿಗಿಂತ ಮೊದಲು ಪಶುವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ಕಿವಿನೋವು, ಕೀಲುನೋವು ಹೀಗೆಯೇ ಕಾಣಿಸಿಕೊಳ್ಳುತ್ತವೆ. ಮನೆಯವರನ್ನು ಕಚ್ಚಿದ ನಾಯಿಯನ್ನು ಸ್ವಂತವಾಗಿ ತಿದ್ದಲು ಹೋಗಬೇಡಿ, ಬೋರ್ಡಿಂಗ್‌ಗೂ ಬಿಡಬೇಡಿ. ಕಚ್ಚಿದ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ನಾಯಿಗೆ ಲಸಿಕೆ ಆಗಿದ್ದರೂ ಸರಿ, ಆಸ್ಪತ್ರೆಗೆ ಹೋಗಿ. ನಾಯಿಗೆ ಪಶುವೈದ್ಯರ ತಪಾಸಣೆ ಆಗಲಿ, ಆಮೇಲೆ ವರ್ತನೆಯ ಸಮಸ್ಯೆಗಳಲ್ಲಿ ಪಳಗಿದವರ ಸಲಹೆ.

ದೀಪಾವಳಿಯ ಹೆದರಿಕೆಯೂ ಇದೇ ಗುಂಪಿಗೆ ಸೇರಿದ್ದು. ಪಟಾಕಿಗೆ ನಡುಗುವ ನಾಯಿಯನ್ನು ತಬ್ಬಿಕೊಂಡರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತು ಸುಳ್ಳು. ಹತ್ತಿರ ಬಂದರೆ ಧಾರಾಳವಾಗಿ ಮಡಿಲಲ್ಲಿ ಕೂರಿಸಿಕೊಳ್ಳಿ. ಹಬ್ಬಕ್ಕೆ ಎರಡು ಮೂರು ತಿಂಗಳಿರುವಾಗಲೇ ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ, ಜೊತೆಗೆ ಕೋಳಿ ಚೂರು ಕೊಡುತ್ತಾ ಹೋಗಿ. ಕಿವಿ ಹಿಂದಕ್ಕೆ ಹೋದರೆ ಸದ್ದು ಇಳಿಸಿ, ಹಾಯಾಗಿದ್ದರೆ ಮಾತ್ರ ಕೂದಲೆಳೆಯಷ್ಟು ಏರಿಸಿ. ಹಿಂದಿನ ವರ್ಷ ಊಟ ಬಿಟ್ಟು ಮಂಚದ ಕೆಳಗಿಂದ ಹೊರಗೇ ಬಾರದಿದ್ದ ನಾಯಿಯಾದರೆ, ನರಕ ಚತುರ್ದಶಿಯ ಹಿಂದಿನ ರಾತ್ರಿ ಓಡಾಡುವ ಬದಲು ಎರಡು ವಾರ ಮೊದಲೇ ಡಾಕ್ಟರ್ ಹತ್ತಿರ ಹೋಗಿ ಭಯ ತಗ್ಗಿಸುವ ಔಷಧಿ ಬೇಕೇ ಎಂದು ಕೇಳಿ. ಆ ಮೂರು ದಿನ ಹಗಲು ಬೆಳಕಿರುವಾಗಲೇ ವಾಕಿಂಗ್ ಮುಗಿಸಿ, ಹಾರ್ನೆಸ್ ಜೊತೆ ಬೆಲ್ಟ್‌ಗೂ (ಪಮೇರಿಯನ್, ಪಗ್‌ನಂಥವಕ್ಕೆ ಬೇಡ) ಇನ್ನೊಂದು ಲೀಶ್ ಸಡಿಲವಾಗಿ ಸಿಕ್ಕಿಸಿಕೊಂಡು ಹೋಗಿ. ಬೆಚ್ಚಿಬಿದ್ದು ಹಾರ್ನೆಸ್‌ನಿಂದ ನುಣುಚಿಕೊಂಡರೂ ಇನ್ನೊಂದು ಹಿಡಿ ಕೈಯಲ್ಲಿರುತ್ತದೆ.